ಎಂಒಟಿಗೆ ಗ್ಯಾರೇಜು ಗೊತ್ತುಮಾಡುವುದು: ಮನೆ ಆರೈಕೆಯ ಸಂಸ್ಥೆಯ ಕೆಲಸದಲ್ಲಿ ತಿಳಿದದ್ದು

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದಲ್ಲಿ, ವೃದ್ಧರ ಮತ್ತು ಹಾಸಿಗೆ ಹಿಡಿದವರ ಮನೆಗಳಿಗೆ ಆರೈಕೆದಾರರನ್ನು ಕಳುಹಿಸುವ ಸಂಸ್ಥೆಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಯಾರು ಯಾವ ಮನೆಗೆ ಎಷ್ಟು ಹೊತ್ತಿಗೆ ಹೋಗಬೇಕೆಂಬ ಪಟ್ಟಿ ಮಾಡುವುದರ ಜೊತೆಗೆ ವಾಹನಗಳ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿದೆ. ಹಳ್ಳಿಗಳ ಕಡೆ ಬಸ್ಸುಗಳು ವಿರಳವಾದ್ದರಿಂದ ನಮ್ಮ ಆರೈಕೆದಾರರಲ್ಲಿ ಹೆಚ್ಚಿನವರು ಸ್ವಂತ ಕಾರಿನಲ್ಲೇ ಓಡಾಡುತ್ತಾರೆ. ಒಬ್ಬರ ಕಾರು ಒಂದು ದಿನ ರಸ್ತೆಗೆ ಇಳಿಯದಿದ್ದರೂ ಸಾಕು, ಬೆಳಗ್ಗೆ ಏಳಕ್ಕೆ ಎಬ್ಬಿಸಿ ಕೂರಿಸಬೇಕಾದ ಅಜ್ಜಿಯೊಬ್ಬರು ಒಂಬತ್ತರವರೆಗೂ ಮಲಗಿಯೇ ಇರಬೇಕಾಗುತ್ತದೆ, ಸಕ್ಕರೆ ಕಾಯಿಲೆಯವರ ತಿಂಡಿ ಮತ್ತು ಔಷಧದ ಹೊತ್ತು ತಪ್ಪುತ್ತದೆ. ಹೀಗಾಗಿ ಇಲ್ಲಿ ಎಲ್ಲರೂ ಎಂಒಟಿ ಎಂದು ಕರೆಯುವ ವಾಹನದ ವಾರ್ಷಿಕ ಪರೀಕ್ಷೆಯನ್ನು ಕಾರಿನ ಮಾಲೀಕರಿಗೇ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಅದಕ್ಕೆ ಹತ್ತಿರದ, ನಂಬಬಹುದಾದ ಗ್ಯಾರೇಜನ್ನು ಗೊತ್ತುಮಾಡಿಕೊಳ್ಳುವ ಬಗೆಯನ್ನು, ಮುಖ್ಯವಾಗಿ ಈ ದೇಶಕ್ಕೆ ಹೊಸದಾಗಿ ಬಂದು ಹಳೆಯ ಕಾರು ಕೊಂಡಿರುವ ಕನ್ನಡಿಗರ ಉಪಯೋಗಕ್ಕಾಗಿ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಸ್ವಂತ ಕಾರು ನೋಂದಣಿಯಾದ ಮೇಲೆ ಹದಿನೈದು ವರ್ಷ ಎಫ್‌ಸಿಯ, ಅಂದರೆ ವಾಹನ ಓಡಿಸಲು ಯೋಗ್ಯವಾಗಿದೆ ಎಂಬ ಪತ್ರದ, ಯೋಚನೆಯೇ ಇರುವುದಿಲ್ಲ. ಹೊಗೆ ತಪಾಸಣೆಯ ಚೀಟಿ ಮತ್ತು ವಿಮೆ ಇದ್ದರೆ ಆಯಿತು; ಎಫ್‌ಸಿ ಎಂಬುದು ಟ್ಯಾಕ್ಸಿ, ಲಾರಿ, ಬಸ್ಸಿನವರ ತಲೆನೋವು. ಇಲ್ಲಿ ಹಾಗಲ್ಲ. 1960ರಲ್ಲಿ ಹತ್ತು ವರ್ಷ ದಾಟಿದ ವಾಹನಗಳ ಬ್ರೇಕು, ದೀಪ, ಸ್ಟೀರಿಂಗ್ ನೋಡುವುದಕ್ಕೆಂದು ಆರಂಭವಾದ ಈ ಪರೀಕ್ಷೆ 1967ರಿಂದ ಮೂರು ವರ್ಷ ತುಂಬಿದ ವಾಹನಗಳಿಗೂ ಕಡ್ಡಾಯವಾಯಿತು, ಆಮೇಲೆ ಪ್ರತಿ ವರ್ಷವೂ ಮಾಡಿಸಲೇಬೇಕು. ಅವಧಿ ಮುಗಿದ ಕಾರನ್ನು ಓಡಿಸಿದರೆ 1,000 ಪೌಂಡ್‌ವರೆಗೆ ದಂಡವಿದೆ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ: ಅಲ್ಲಿ ನಾಲ್ಕು ವರ್ಷಕ್ಕೆ ಮೊದಲ ಪರೀಕ್ಷೆ, ಅದೂ ಸರ್ಕಾರಿ ಕೇಂದ್ರಗಳಲ್ಲೇ. ನಾನು ಹೇಳುತ್ತಿರುವುದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುತ್ತದೆ.

ನಮ್ಮವರಿಗೆ ಹೊಸದಾಗಿ ಕಾಣುವ ಇನ್ನೊಂದು ಸಂಗತಿಯೆಂದರೆ, ಇಲ್ಲಿ ಪರೀಕ್ಷೆ ಮಾಡುವವರು ಆರ್‌ಟಿಒ ಇನ್‌ಸ್ಪೆಕ್ಟರ್‌ನಂಥ ಸರ್ಕಾರಿ ಅಧಿಕಾರಿಗಳಲ್ಲ. ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ ಸಾಮಾನ್ಯ ಗ್ಯಾರೇಜುಗಳಿಗೇ ಪರವಾನಗಿ ಕೊಟ್ಟು, ಅಲ್ಲಿನ ತರಬೇತಿ ಪಡೆದ ಪರೀಕ್ಷಕರಿಂದ ಈ ಕೆಲಸ ಮಾಡಿಸುತ್ತದೆ. ನೀಲಿ ಫಲಕದ ಮೇಲೆ ಮೂರು ಬಿಳಿ ತ್ರಿಕೋನಗಳಿದ್ದರೆ ಅದು ಪರವಾನಗಿ ಇರುವ ಜಾಗ. ದೋಷ ಹುಡುಕುವವರೂ, ಹುಡುಕಿದ ದೋಷವನ್ನು ಹಣ ಪಡೆದು ಸರಿಪಡಿಸುವವರೂ ಒಂದೇ ಸೂರಿನಡಿ ಇರುತ್ತಾರೆ ಎಂಬುದು ಇದರ ಅರ್ಥ. ಗ್ಯಾರೇಜು ಹುಡುಕುವಾಗ ಬೆಲೆ, ದೂರ, ಬೇರೆಯವರ ಅಭಿಪ್ರಾಯಗಳಿಗಿಂತ ಮೊದಲು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅವರು ಪರೀಕ್ಷೆಯ ಫಲಿತಾಂಶವನ್ನು ಒಂದು ಮಾತಾಗಿ, ರಿಪೇರಿಯ ಸಲಹೆಯನ್ನು ಇನ್ನೊಂದು ಮಾತಾಗಿ ಬೇರ್ಪಡಿಸಿ ಹೇಳುತ್ತಾರೆಯೇ ಎಂಬುದೇ ನನಗೆ ಮುಖ್ಯ ಪ್ರಶ್ನೆ.

ಹಾಸನದ ಕಡೆಯ ಯುವಕನೊಬ್ಬ ನಮ್ಮಲ್ಲಿ ಕೆಲಸಕ್ಕೆ ಸೇರಿ ಕೆಲವು ತಿಂಗಳಾಗಿದ್ದಾಗ, ಕಡಿಮೆ ಶುಲ್ಕದ ಜಾಹೀರಾತು ನೋಡಿ ಗ್ಯಾರೇಜೊಂದಕ್ಕೆ ಹೋಗಿ ಅಲ್ಲಿಂದ ಫೋನ್ ಮಾಡಿದ. “ಅಕ್ಕಾ, ಕಾರು ಫೇಲ್ ಆಗಿದೆಯಂತೆ. ಮುಂದಿನ ಎರಡೂ ಟೈರು, ಹಿಂದಿನ ಬ್ರೇಕ್ ಡಿಸ್ಕು, ಲೈಟು ಎಲ್ಲಾ ಸೇರಿ ನಾನ್ನೂರಕ್ಕಿಂತ ಜಾಸ್ತಿ ಆಗುತ್ತೆ ಅಂತಿದಾರೆ. ಮಾಡಿಬಿಡಿ ಅನ್ನಲಾ?” “ತಡಿಯಪ್ಪ, ಅವರು ಕೊಟ್ಟಿರೋ ಕಾಗದದಲ್ಲಿ ಮೇಜರ್ ಅನ್ನೋದರ ಕೆಳಗೆ ಏನಿದೆ, ಅದನ್ನು ಮೊದಲು ಓದು” ಎಂದೆ. ಅದರ ಕೆಳಗೆ ಒಂದೇ ಸಾಲಿತ್ತು: ಎಡಗಡೆಯ ಹೆಡ್‌ಲೈಟು ಉರಿಯುತ್ತಿಲ್ಲ. ಟೈರು ಕಾನೂನಿನ ಮಿತಿಯ ಹತ್ತಿರಕ್ಕೆ ಸವೆದಿದೆ, ಡಿಸ್ಕು ಸವೆದಿದ್ದರೂ ದುರ್ಬಲವಾಗಿಲ್ಲ ಎಂಬ ಎರಡು ಸಾಲುಗಳು ಅಡ್ವೈಸರಿ, ಅಂದರೆ ಮುಂದೆ ಗಮನಿಸಿ ಎಂಬ ಸಲಹೆ, ಎಂಬ ತಲೆಬರಹದ ಅಡಿಯಲ್ಲಿದ್ದವು. ಬಲ್ಬು ಹಾಕಿಸಿದ ಮೇಲೆ ಕಾರು ಅದೇ ದಿನ ಪಾಸಾಯಿತು. ಗ್ಯಾರೇಜಿನವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಆದರೆ ಫೇಲಾಗಲು ಕಾರಣವಾದದ್ದನ್ನೂ ಮುಂದೆ ಎಂದಾದರೂ ಮಾಡಿಸಬೇಕಾದದ್ದನ್ನೂ ಬೆರೆಸಿ, ಒಟ್ಟು ಮೊತ್ತವೊಂದನ್ನು ಮುಂದಿಟ್ಟರು. ತಿಂಗಳ ಕೊನೆಯಲ್ಲಿ ಮನೆ ಬಾಡಿಗೆ ಕಟ್ಟಿ ಊರಿಗೂ ಹಣ ಕಳುಹಿಸಬೇಕಾದ ಹುಡುಗನಿಗೆ ಆ ವ್ಯತ್ಯಾಸ ಬಹಳ ದೊಡ್ಡದು. ಟೈರುಗಳನ್ನು ಚಳಿಗಾಲಕ್ಕೆ ಮೊದಲು ಬದಲಾಯಿಸಲೇಬೇಕಿತ್ತು, ಬದಲಾಯಿಸಿಯೂ ಬಿಟ್ಟೆವು, ಆದರೆ ಬೆಲೆ ವಿಚಾರಿಸಿ, ಸಂಬಳ ಬಂದ ಮೇಲೆ.

2018ರ ಮೇ 20ರಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಎಂದು ಮೂರು ದರ್ಜೆಯಾಗಿ ಬರೆಯುತ್ತಾರೆ. ಮೊದಲ ಎರಡರಲ್ಲಿ ಒಂದೇ ಒಂದು ಇದ್ದರೂ ಕಾರು ಫೇಲು. ಮೈನರ್ ಮತ್ತು ಅಡ್ವೈಸರಿ ಎಷ್ಟಿದ್ದರೂ ಪಾಸೇ. ಮೇಜರ್ ಬಂದಾಗ, ಹಳೆಯ ಎಂಒಟಿಯ ಅವಧಿ ಇನ್ನೂ ಉಳಿದಿದ್ದು ಕಾರು ರಸ್ತೆಗೆ ಯೋಗ್ಯವಾಗಿದ್ದರೆ ಅದನ್ನು ಹೊರಗೆ ತೆಗೆದುಕೊಂಡು ಹೋಗಬಹುದು. ಡೇಂಜರಸ್ ಎಂದು ಬರೆದಿದ್ದರೆ ಮಾತ್ರ, ಅವಧಿ ಇರಲಿ ಬಿಡಲಿ, ರಿಪೇರಿಯಾಗುವ ತನಕ ಓಡಿಸುವಂತಿಲ್ಲ. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಆ ದಿನದ ಮನೆಗಳನ್ನು ಬೇರೆಯವರಿಗೆ ಹಂಚಿ, ಕಾರನ್ನು ಅಲ್ಲೇ ಬಿಟ್ಟು ಬನ್ನಿ ಎನ್ನುತ್ತೇನೆ.

ರಿಪೇರಿಯಲ್ಲಿ ಯಾವ ಲಾಭವೂ ಇಲ್ಲದವರ ಕೈಯಲ್ಲಿ ಪರೀಕ್ಷೆ ಮಾಡಿಸುವ ದಾರಿಯೂ ಇದೆ, ಅದು ಬಹಳ ಜನರಿಗೆ ತಿಳಿದಿಲ್ಲ. ಅನೇಕ ಊರುಗಳ ಕೌನ್ಸಿಲ್‌ಗಳು, ಅಂದರೆ ನಮ್ಮ ನಗರಸಭೆಯಂಥ ಸಂಸ್ಥೆಗಳು, ತಮ್ಮ ವಾಹನಗಳಿಗೆಂದು ಇಟ್ಟುಕೊಂಡಿರುವ ಡಿಪೊಗಳಲ್ಲಿ ಸಾರ್ವಜನಿಕರ ಕಾರುಗಳನ್ನೂ ಪರೀಕ್ಷಿಸಿ ಕೊಡುತ್ತವೆ. ಇಂಥ ಡಿಪೊಗಳಲ್ಲಿ ಸಾಮಾನ್ಯವಾಗಿ ಹೊರಗಿನವರ ಕಾರಿಗೆ ರಿಪೇರಿ ಮಾಡುವುದಿಲ್ಲವಾದ್ದರಿಂದ, ಇಲ್ಲದ ದೋಷ ತೋರಿಸಿ ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ಹಾಗೆಂದು ಎಲ್ಲರನ್ನೂ ನಾನು ಅಲ್ಲಿಗೇ ಕಳುಹಿಸುವುದಿಲ್ಲ. ಫೇಲಾದ ಕಾರನ್ನು ಪರೀಕ್ಷೆ ಮಾಡಿದ ಗ್ಯಾರೇಜಿನಲ್ಲೇ ರಿಪೇರಿಗೆ ಬಿಟ್ಟು, ಹತ್ತು ಕೆಲಸದ ದಿನಗಳೊಳಗೆ ಮರುಪರೀಕ್ಷೆ ಮಾಡಿಸಿದರೆ ಅದಕ್ಕೆ ಶುಲ್ಕವಿಲ್ಲ; ಡಿಪೊದಿಂದ ಕಾರನ್ನು ಬೇರೆ ಗ್ಯಾರೇಜಿಗೆ ಸಾಗಿಸಿ, ಮತ್ತೆ ತಂದು, ಮತ್ತೆ ಸರದಿ ಕಾಯುವುದು ದಿನಕ್ಕೆ ಹತ್ತು ಮನೆ ಸುತ್ತುವವರಿಗೆ ಕಷ್ಟ. ಹೊಸದಾಗಿ ಕೊಂಡ, ಹಿನ್ನೆಲೆ ಸರಿಯಾಗಿ ಗೊತ್ತಿಲ್ಲದ ಹಳೆಯ ಕಾರಾದರೆ ಡಿಪೊ ಒಳ್ಳೆಯದು. ಪ್ರತಿವರ್ಷ ಒಂದೇ ಕೈಯಲ್ಲಿ ಸರ್ವಿಸ್ ಆಗುವ ಕಾರಾದರೆ ಆ ಗ್ಯಾರೇಜೇ ವಾಸಿ.

ಆ ಕೈಯನ್ನು ಗುರುತಿಸುವುದು ಹೇಗೆ? ಪರೀಕ್ಷೆಯನ್ನು ನಿಂತು ನೋಡಲು ಗ್ರಾಹಕರಿಗೆ ಅವಕಾಶವಿರಬೇಕೆಂಬುದು ನಿಯಮ. ಅದಕ್ಕೆಂದೇ ಗುರುತು ಮಾಡಿದ ಜಾಗವಿರುತ್ತದೆ, ಅಲ್ಲಿ ನಿಂತು ನೋಡಬಹುದು, ಪರೀಕ್ಷಕರಿಗೆ ಅಡ್ಡಿ ಮಾಡುವಂತಿಲ್ಲ. ನಮ್ಮ ಸಂಸ್ಥೆಗೆ ಹೊಸ ಗ್ಯಾರೇಜು ಗೊತ್ತುಮಾಡುವಾಗ ನಾನು ತಪ್ಪದೆ ಆ ಜಾಗದಲ್ಲಿ ನಿಲ್ಲುತ್ತೇನೆ. ನಮ್ಮ ಊರಿನ ಹಳೆಯ ಕೈಗಾರಿಕಾ ಬಡಾವಣೆಯಲ್ಲಿರುವ ಚಿಕ್ಕ ಗ್ಯಾರೇಜೊಂದರ ಹಿರಿಯ ಪರೀಕ್ಷಕರು ಕೆಲಸ ಮಾಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಮೊದಲು ಕಾರಿನ ಮುಂಗಾಲಿಗಳನ್ನು ಬ್ರೇಕ್ ಅಳೆಯುವ ರೋಲರುಗಳ ಮೇಲೆ ನಿಲ್ಲಿಸಿ, ಎಡ ಬಲ ಗಾಲಿಗಳ ಹಿಡಿತ ಸಮವಾಗಿದೆಯೇ ಎಂದು ನೋಡಿದರು. ಆಮೇಲೆ ಕಾರನ್ನು ಲಿಫ್ಟಿನಲ್ಲಿ ಎತ್ತಿ, ಕಬ್ಬಿಣದ ಸಲಾಕೆಯೊಂದನ್ನು ಸಸ್ಪೆನ್ಷನ್ ತೋಳಿನ ಸಂದಿಗೆ ಕೊಟ್ಟು ಮೆಲ್ಲಗೆ ಮೀಟಿದರು. ರಬ್ಬರಿನ ಬುಷ್ ಅರ್ಧಚಂದ್ರಾಕಾರವಾಗಿ ಬಾಯಿ ಬಿಟ್ಟಿತು. ಕಾರಿನ ಒಡತಿಯಾದ ನಮ್ಮ ಆರೈಕೆದಾರ್ತಿ ನನ್ನ ಪಕ್ಕದಲ್ಲೇ ನಿಂತಿದ್ದರು. ಪರೀಕ್ಷಕರು ಟಾರ್ಚಿನ ಬೆಳಕನ್ನು ಆ ಬಿರುಕಿನ ಮೇಲೆ ನಿಲ್ಲಿಸಿ, ಸಲಾಕೆಯನ್ನು ಇನ್ನೊಮ್ಮೆ ಮೀಟಿ, ಹಂಪಿನ ಮೇಲೆ ಹೋಗುವಾಗ ಟಕ್ ಟಕ್ ಎಂದು ಸದ್ದು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆಂದು ಆಕೆ ಹೇಳಿದಾಗ, ಇದೇ ಅದರ ಮೂಲ, ಈ ವರ್ಷ ಇದು ಪಾಸಾಗುವ ಮಟ್ಟದಲ್ಲಿದೆ, ಮುಂದಿನ ವರ್ಷದವರೆಗೆ ಬಿಡಬೇಡಿ ಎಂದರು. ರಿಪೇರಿಗೆ ಎಷ್ಟಾಗುತ್ತದೆ ಎಂದು ಆಕೆಯೇ ಕೇಳುವ ತನಕ ಅವರು ಹಣದ ಮಾತೆತ್ತಲಿಲ್ಲ. ನಮ್ಮ ಕಾರುಗಳಲ್ಲಿ ಹೆಚ್ಚಿನವು ಈಗ ಅವರ ಬಳಿಗೇ ಹೋಗುತ್ತವೆ.

ಶುಲ್ಕದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಾಮಾನ್ಯ ಕಾರಿಗೆ ಗರಿಷ್ಠ 54.85 ಪೌಂಡ್ ಎಂದು ಸರ್ಕಾರ ನಿಗದಿ ಮಾಡಿದೆ, ಅದರ ಮೇಲೆ ವ್ಯಾಟ್ ಸೇರಿಸುವಂತಿಲ್ಲ. ಅದಕ್ಕಿಂತ ಕಡಿಮೆಗೆ ಮಾಡಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ, ಕಡಿಮೆ ಎಂದ ಮಾತ್ರಕ್ಕೆ ಅವರನ್ನು ಅನುಮಾನಿಸಬೇಕಾಗಿಲ್ಲ. ಹದಿನೈದು ಪೌಂಡ್ ಉಳಿಸುವುದಕ್ಕಾಗಿ ಊರಾಚೆಯ ಗ್ಯಾರೇಜಿಗೆ ಹೋಗಿ, ಕಾರು ಫೇಲಾದರೆ ಮನೆಗೆ ಮರಳಲು ಟ್ಯಾಕ್ಸಿಗೆ ಅದಕ್ಕಿಂತ ಹೆಚ್ಚು ಕೊಡುವುದರಲ್ಲಿ ಮಾತ್ರ ಅರ್ಥವಿಲ್ಲ.

ಹತ್ತಿರ ಎಂದರೆ ಯಾವುದಕ್ಕೆ ಹತ್ತಿರ ಎಂಬುದನ್ನೂ ಯೋಚಿಸಬೇಕು. ಕಚೇರಿಯ ಪಕ್ಕದ ಗ್ಯಾರೇಜು ನನಗೆ ಅನುಕೂಲ, ಆದರೆ ಆರೈಕೆದಾರರ ಬೆಳಗಿನ ಮನೆಗಳು ಮುಗಿಯುವುದು ಹತ್ತೂವರೆಗೆ, ಮಧ್ಯಾಹ್ನದ ಊಟದ ಸರದಿ ಶುರುವಾಗುವುದು ಹನ್ನೆರಡಕ್ಕೆ. ಪರೀಕ್ಷೆಗೆ ಸುಮಾರು ಒಂದು ಗಂಟೆ ಬೇಕು. ಹೀಗಾಗಿ ಅವರ ಕೊನೆಯ ಬೆಳಗಿನ ಮನೆಗೆ ಹತ್ತಿರವಿರುವ, ಹೊತ್ತು ಕೊಟ್ಟ ಮೇಲೆ ಅದೇ ಹೊತ್ತಿಗೆ ಕಾರನ್ನು ಒಳಗೆ ತೆಗೆದುಕೊಳ್ಳುವ ಗ್ಯಾರೇಜು ಬೇಕು. “ಬೆಳಗ್ಗೆ ಬಿಟ್ಟು ಹೋಗಿ, ಸಂಜೆ ನೋಡೋಣ” ಎನ್ನುವಲ್ಲಿ ಕೆಲಸ ಎಷ್ಟೇ ಚೆನ್ನಾಗಿದ್ದರೂ ನಮಗೆ ಪ್ರಯೋಜನವಿಲ್ಲ. ಫೋನಿನಲ್ಲಿ ನಾನು ಇದನ್ನೇ ಮೊದಲು ಕೇಳುತ್ತೇನೆ. ಫೇಲಾದರೆ ಅಂದೇ ಸಣ್ಣಪುಟ್ಟ ರಿಪೇರಿ ಮಾಡಿಕೊಡುತ್ತೀರಾ, ದೊಡ್ಡ ರಿಪೇರಿಯಾದರೆ ನಮ್ಮ ಒಪ್ಪಿಗೆ ಪಡೆದೇ ಕೈಹಾಕುತ್ತೀರಾ ಎಂಬುದನ್ನು ಆಮೇಲೆ.

ವ್ಯಾನುಗಳ ವಿಷಯ ಬೇರೆ, ಇಲ್ಲಿ ಅನೇಕರು ಎಡವುತ್ತಾರೆ. ಕಾರುಗಳೂ 3,000 ಕಿಲೋವರೆಗಿನ ಸಣ್ಣ ಸರಕು ವ್ಯಾನುಗಳೂ 4ನೇ ವರ್ಗಕ್ಕೆ ಸೇರುತ್ತವೆ, 3,000ದಿಂದ 3,500 ಕಿಲೋವರೆಗಿನ ಸರಕು ವ್ಯಾನುಗಳು 7ನೇ ವರ್ಗಕ್ಕೆ. ಇದು ಖಾಲಿ ವ್ಯಾನಿನ ತೂಕವಲ್ಲ, ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ. ತಯಾರಕರು ವಾಹನಕ್ಕೆ ಹಚ್ಚಿದ ತಗಡಿನ ಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ. ಆಸ್ಪತ್ರೆ ಮಂಚ, ರೋಗಿಯನ್ನು ಎತ್ತುವ ಹಾಯ್ಸ್ಟ್ ಸಾಗಿಸುವ ನಮ್ಮ ದೊಡ್ಡ ವ್ಯಾನು 7ನೇ ವರ್ಗದ್ದು. ನೀಲಿ ಫಲಕ ಇರುವ ಗ್ಯಾರೇಜುಗಳಲ್ಲಿ ಎಲ್ಲವಕ್ಕೂ ಈ ವರ್ಗದ ಪರವಾನಗಿ ಇರುವುದಿಲ್ಲ. ಆದ್ದರಿಂದ “ವ್ಯಾನಿಗೆ ಎಂಒಟಿ ಮಾಡುತ್ತೀರಾ” ಎಂದು ಕೇಳದೆ “ಕ್ಲಾಸ್ ಸೆವೆನ್ ಮಾಡುತ್ತೀರಾ” ಎಂದೇ ಕೇಳಬೇಕು. ಚಾಲಕರನ್ನು ಬಿಟ್ಟು ಎಂಟಕ್ಕಿಂತ ಹೆಚ್ಚು ಆಸನಗಳಿರುವ ಮಿನಿಬಸ್ಸಿಗೆ ಮೊದಲ ಪರೀಕ್ಷೆ ಒಂದು ವರ್ಷಕ್ಕೇ ಬರುತ್ತದೆ ಎಂಬುದೂ ನೆನಪಿರಲಿ.

ಯಾವ ಒಳ್ಳೆಯ ಗ್ಯಾರೇಜಿನಲ್ಲೂ ಬೇಕೆಂದಾಗ ಜಾಗ ಸಿಗುವುದಿಲ್ಲ. ಈ ದೇಶದಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಒಂದನೇ ತಾರೀಕಿಗೆ ಹೊಸ ನಂಬರ್ ಪ್ಲೇಟುಗಳು ಬರುವುದರಿಂದ ಆಗ ಕಾರು ಕೊಳ್ಳುವವರು ಹೆಚ್ಚು. ಮೂರು ವರ್ಷ ಕಳೆದ ಮೇಲೆ ಅದೇ ತಿಂಗಳುಗಳಲ್ಲಿ ಗ್ಯಾರೇಜುಗಳ ಮುಂದೆ ಸಾಲು ಹತ್ತುತ್ತದೆ. ಅವಧಿ ಮುಗಿಯುವುದಕ್ಕೆ ಒಂದು ತಿಂಗಳಿಗೆ ಒಂದು ದಿನ ಕಡಿಮೆ ಇರುವಾಗ ಪರೀಕ್ಷೆ ಮಾಡಿಸಿದರೂ ಹಳೆಯ ತಾರೀಕೇ ಮುಂದಿನ ವರ್ಷಕ್ಕೆ ಉಳಿಯುತ್ತದೆ: ಅಕ್ಟೋಬರ್ 15ಕ್ಕೆ ಮುಗಿಯುವುದಾದರೆ ಸೆಪ್ಟೆಂಬರ್ 16ರಂದೇ ಮಾಡಿಸಬಹುದು, ಒಂದು ದಿನವೂ ನಷ್ಟವಿಲ್ಲ. ನಮ್ಮ ಎಲ್ಲ ಕಾರುಗಳಿಗೂ ನಾನು ಆ ಮೊದಲ ವಾರದಲ್ಲೇ ಹೊತ್ತು ಗೊತ್ತುಮಾಡುತ್ತೇನೆ, ಏಕೆಂದರೆ ಮೇಜರ್ ಬಂದರೂ ರಿಪೇರಿಗೆ, ಬಿಡಿಭಾಗ ತರಿಸುವುದಕ್ಕೆ, ಬೇರೆ ಗ್ಯಾರೇಜಿನ ಅಭಿಪ್ರಾಯ ಕೇಳುವುದಕ್ಕೆ ಮೂರು ವಾರ ಕೈಯಲ್ಲಿರುತ್ತದೆ.

ಕಾರಿನ ನಂಬರು ಹಾಕಿದರೆ ಅದರ ಹಿಂದಿನ ಎಂಒಟಿಗಳ ಫಲಿತಾಂಶ, ಅಡ್ವೈಸರಿಗಳು, ಆಯಾ ವರ್ಷ ಓಡಿದ ಮೈಲಿಗಳು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಳೆಯ ಕಾರು ಕೊಳ್ಳುವ ಮೊದಲು ಇದನ್ನು ನೋಡದೆ ಹಣ ಕೊಡಬೇಡಿ ಎಂದು ನಮ್ಮ ಹೊಸಬರಿಗೆಲ್ಲ ಹೇಳುತ್ತೇನೆ. ಪರೀಕ್ಷೆಯ ಹಿಂದಿನ ಸಂಜೆ ಮನೆಯ ಮುಂದೆಯೇ ದೀಪಗಳನ್ನೆಲ್ಲ ಹಾಕಿ ನೋಡಿ, ವೈಪರು, ಹಾರನ್ನು, ಸೀಟ್ ಬೆಲ್ಟು ಪರೀಕ್ಷಿಸಿ, ಗಾಜು ತೊಳೆಯುವ ನೀರು ತುಂಬಿಸಿ, ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಿಲ್ಲವೆಂದು ಖಚಿತಪಡಿಸಿಕೊಂಡರೆ, ತೀರಾ ಸಣ್ಣ ಕಾರಣಕ್ಕೆ ಫೇಲಾಗುವುದು ತಪ್ಪುತ್ತದೆ.

ಇಷ್ಟಾದರೂ ಫಲಿತಾಂಶ ಸರಿಯಿಲ್ಲವೆಂದು ನಿಜವಾಗಿ ಅನ್ನಿಸಿದರೆ, ಆ ದೋಷವನ್ನು ರಿಪೇರಿ ಮಾಡಿಸಲು ಹೋಗದೆ, ಪರೀಕ್ಷೆಯಾದ 14 ಕೆಲಸದ ದಿನಗಳೊಳಗೆ ಡಿವಿಎಸ್‌ಎಗೆ ಮೇಲ್ಮನವಿ ಕಳುಹಿಸಬಹುದು. ಅವರ ಕಡೆಯವರು ವಾಹನವನ್ನು ಮತ್ತೆ ಪರೀಕ್ಷಿಸುತ್ತಾರೆ, ಅದಕ್ಕೆ ಪೂರ್ತಿ ಶುಲ್ಕ ಕಟ್ಟಬೇಕು, ಮನವಿ ನಮ್ಮ ಪರವಾಗಿ ನಿರ್ಧಾರವಾದರೆ ಹಣ ವಾಪಸು ಬರುತ್ತದೆ. ಅವಧಿ ಮುಗಿದೇಹೋದ ಮೇಲೆ ಎಚ್ಚರವಾದವರು ಮೊದಲೇ ಗೊತ್ತುಮಾಡಿದ ಪರೀಕ್ಷೆಗೆ ಇಲ್ಲವೇ ರಿಪೇರಿಗೆ ಮಾತ್ರ ಕಾರನ್ನು ಓಡಿಸಿಕೊಂಡು ಹೋಗಬಹುದು. ಆ ದಾರಿಯಲ್ಲಿ ರೋಗಿಯೊಬ್ಬರ ಮನೆಗೆ ಹೊಕ್ಕು ಬರುವಂತಿಲ್ಲ. ದಾರಿಯಲ್ಲಿ ಪೊಲೀಸರು ತಡೆದರೆ ತೋರಿಸಲು ಗ್ಯಾರೇಜಿನವರು ಕಳುಹಿಸಿದ ಬುಕಿಂಗ್ ಸಂದೇಶವನ್ನು ಅಳಿಸದೆ ಫೋನಿನಲ್ಲಿ ಇಟ್ಟುಕೊಳ್ಳಿ.