ಕಾಲೇಜಿನಲ್ಲಿ ಬೀಜಗಣಿತದ ಮೊದಲ ಪಾಠಗಳು

ಕಲಾ ವಿಭಾಗದಿಂದ ಬಂದ ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಈ ವರ್ಷ ಪ್ರಾರಂಭಿಕ ಬೀಜಗಣಿತವನ್ನು ಕಲಿಯುತ್ತಿದ್ದೇನೆ. ಸಮೀಕರಣದ ಎರಡೂ ಬದಿಗಳಿಗೆ ಒಂದೇ ಕ್ರಿಯೆಯನ್ನು ಮಾಡಬೇಕೆಂಬ ನಿಯಮವು ಅಡಿಕೆ ಮಂಡಿಯ ತಕ್ಕಡಿಯನ್ನು ಕಂಡವರಿಗೆ ಹೊಸದಲ್ಲ: ಸಮತೂಕದ ನಾಲ್ಕು ಮೂಟೆಗಳೂ 10 ಕಿಲೋ ಬಿಡಿ ಅಡಿಕೆಯೂ ಸೇರಿ 270 ಕಿಲೋ ಆದರೆ, 10ನ್ನು ಕಳೆದು 4ರಿಂದ ಭಾಗಿಸಿದಾಗ ಮೂಟೆಯೊಂದಕ್ಕೆ 65 ಕಿಲೋ ಬರುತ್ತದೆ. (ನಾಳೆಯ ಧಾರಣೆಯನ್ನು ತಿಳಿಸುವ ಸಮೀಕರಣ ಮಾತ್ರ ಪಠ್ಯದಲ್ಲಿಲ್ಲ.)

ಕಷ್ಟವಿರುವುದು ಋಣಸಂಖ್ಯೆಗಳಲ್ಲಿ. ಎರಡು ಋಣಸಂಖ್ಯೆಗಳ ಗುಣಲಬ್ಧ ಧನವೆಂದು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ ಬರೆದಿದ್ದರೂ, ನಮ್ಮಲ್ಲಿ ಹಲವರು ಅದನ್ನು ಬಾಯಿಪಾಠ ಮಾಡಿಯೇ ಬಂದವರು. ಉಪನ್ಯಾಸಕರು ಅದಕ್ಕೆ ಕಾರಣವನ್ನೂ ಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾಯಿತು: ಮೈನಸ್ 3ನ್ನು 2 ಮತ್ತು ಮೈನಸ್ 2ರ ಮೊತ್ತದಿಂದ, ಅಂದರೆ ಸೊನ್ನೆಯಿಂದ, ಗುಣಿಸಿದರೆ ಸೊನ್ನೆಯೇ ಬರಬೇಕಾದ್ದರಿಂದ, ಮೈನಸ್ 3ನ್ನು 2ರಿಂದ ಗುಣಿಸಿದ ಭಾಗ ಮೈನಸ್ 6 ಆಗಿರುವಾಗ, ಮೈನಸ್ 2ರಿಂದ ಗುಣಿಸಿದ ಇನ್ನೊಂದು ಭಾಗ 6 ಆಗಲೇಬೇಕು.