ಯೆರಿಕೋವಿನ ಕುರುಡ ಮತ್ತು ಮೂರು ಸುವಾರ್ತೆಗಳು

ಜೆರುಸಲೇಮಿನಿಂದ ಯೆರಿಕೋವಿಗೆ ಇಳಿಯುವ ರಸ್ತೆಯ ನಡುವೆ ಸಮುದ್ರಮಟ್ಟವನ್ನು ಸೂಚಿಸುವ ಫಲಕವೊಂದಿದೆ. ಅದನ್ನು ದಾಟಿಯೂ ಬಸ್ಸು ಇಳಿಯುತ್ತಲೇ ಹೋಗುತ್ತದೆ, ಏಕೆಂದರೆ ಯೆರಿಕೋ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ನಾನು ಅಲ್ಲಿಗೆ ಹೋದದ್ದು ಯೇಸು ಇಲ್ಲಿ ಕುರುಡನಿಗೆ ಕಣ್ಣು ಕಾಣುವಂತೆ ಮಾಡಿದ ಪ್ರಸಂಗವನ್ನು ಆ ನೆಲದ ಮೇಲೆಯೇ ನಿಂತು ಓದಬೇಕೆಂಬ ಆಸೆಯಿಂದ.

ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಮಾರ್ಕ, ಮತ್ತಾಯ, ಲೂಕ ಈ ಮೂವರದೂ ಈ ಪ್ರಸಂಗವನ್ನು ಹೇಳುತ್ತವೆ. ಮಾರ್ಕನ ಪ್ರಕಾರ ಯೇಸು ಯೆರಿಕೋವನ್ನು ಬಿಟ್ಟು ಹೊರಡುವಾಗ ತಿಮಾಯನ ಮಗನಾದ ಬಾರ್ತಿಮಾಯನೆಂಬ ಒಬ್ಬ ಕುರುಡನು ದಾರಿಯ ಬದಿಯಲ್ಲಿ ಭಿಕ್ಷೆಗೆ ಕುಳಿತಿದ್ದನು. ಮತ್ತಾಯನಲ್ಲಿಯೂ ಯೇಸು ಊರು ಬಿಡುತ್ತಿದ್ದಾನೆ, ಆದರೆ ಕುರುಡರು ಇಬ್ಬರು, ಮತ್ತು ಅವರಿಗೆ ಹೆಸರಿಲ್ಲ. ಲೂಕನಲ್ಲಿ ಕುರುಡನು ಒಬ್ಬನೇ, ಆದರೆ ಯೇಸು ಇನ್ನೂ ಊರನ್ನು ಸಮೀಪಿಸುತ್ತಿದ್ದಾನೆ. ಮತ್ತಾಯನ ಯೇಸು ಕಣ್ಣುಗಳನ್ನು ಮುಟ್ಟುತ್ತಾನೆ; ಉಳಿದಿಬ್ಬರಲ್ಲಿ ಮಾತೊಂದೇ ಸಾಕಾಗುತ್ತದೆ.

ಈ ವ್ಯತ್ಯಾಸಕ್ಕೆ ಹಳೆಯ ಸಮಾಧಾನವೊಂದಿದೆ: ಯೆರಿಕೋಗಳು ಎರಡಿದ್ದವು, ಯೇಸು ಹಳೆಯದನ್ನು ಬಿಟ್ಟು ಹೊಸದನ್ನು ಸಮೀಪಿಸುತ್ತಿದ್ದನು ಎಂದು. ನಾನು ಎರಡೂ ತಾಣಗಳನ್ನು ನೋಡಿದೆ. ಹಳೆಯ ಯೆರಿಕೋ ಇದ್ದ, 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತೆಲ್ ಎಸ್-ಸುಲ್ತಾನ್ ದಿಬ್ಬದಲ್ಲಿ, ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ 1950ರ ದಶಕದಲ್ಲಿ ತೋಡಿಸಿದ ಆಳವಾದ ಕಂದಕಗಳ ಅಂಚಿನಲ್ಲಿ, ಸಾವಿರಾರು ವರ್ಷಗಳ ಗೋಡೆಗಳು ಕಾಣುತ್ತವೆ. ಅದರ ಬುಡದಲ್ಲೇ ಪ್ರವಾದಿ ಎಲೀಷನು ಉಪ್ಪು ಹಾಕಿ ಶುದ್ಧಗೊಳಿಸಿದನೆಂದು ನಂಬುವ ಬುಗ್ಗೆ ಇಂದಿಗೂ ಹರಿಯುತ್ತಿದೆ. ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ, ವಾದಿ ಕೆಲ್ಟ್ ಕಣಿವೆಯ ಬಾಯಲ್ಲಿ, ಹೊಸ ಯೆರಿಕೋ ಎನ್ನುವ ಕಡೆ, ರಾಜ ಹೆರೋದನ ಚಳಿಗಾಲದ ಅರಮನೆಗಳ ಅವಶೇಷಗಳಿವೆ. ಆದರೆ ಯೇಸುವಿನ ಕಾಲಕ್ಕೆ ಆ ಹಳೆಯ ದಿಬ್ಬವು ಶತಮಾನಗಳಿಂದ ಪಾಳುಬಿದ್ದಿತ್ತು. ಪಾಳು ದಿಬ್ಬವೊಂದನ್ನು ಮಾರ್ಕನು ಜನರ ಗುಂಪು ಹೊರಡುವ ಊರೆಂದು ಕರೆದನೆನ್ನುವುದನ್ನು ಅಲ್ಲಿ ನಿಂತ ಮೇಲೆ ನಾನು ಒಪ್ಪಲಾರೆ.

ಮಾರ್ಕನ ನಂತರ ಬರೆದ ಲೂಕನು ಸ್ಥಳವನ್ನು ಬದಲಿಸಿದ್ದಕ್ಕೆ ಕಾರಣ ಅವನ ಮುಂದಿನ ಪುಟದಲ್ಲೇ ಇದೆಯೆಂದು ನನಗೆ ತೋರುತ್ತದೆ. ಊರೊಳಗೆ ಏನಾಯಿತೆಂದು ಮಾರ್ಕನು ಹೇಳುವುದೇ ಇಲ್ಲ. ಲೂಕನಿಗಾದರೋ ಅಲ್ಲಿ ಮರ ಹತ್ತಿದ ಸುಂಕದ ಅಧಿಕಾರಿ ಜಕ್ಕಾಯನ ಕಥೆಯಿದೆ, ಅದರ ಬೆನ್ನಿಗೇ ಜೆರುಸಲೇಮಿನ ಕಡೆ ನೋಡುವ ದೃಷ್ಟಾಂತ ಕಥೆಯೂ ಇದೆ. ಈ ಓಟಕ್ಕೆ ತಡೆಯಾಗದಂತೆ ಅವನು ಕುರುಡನನ್ನು ಊರಿನ ಈಚೆಗೆ ತಂದು ಕೂರಿಸಿದನು. ಮತ್ತಾಯನಿಗೆ ಇಬ್ಬರನ್ನು ಹೇಳುವುದು ರೂಢಿ: ಮಾರ್ಕನಲ್ಲಿ ಸಮಾಧಿಗಳ ನಡುವೆ ಇದ್ದ ದೆವ್ವ ಹಿಡಿದವನು ಒಬ್ಬ, ಮತ್ತಾಯನಲ್ಲಿ ಇಬ್ಬರು.

ಕಣ್ಣು ಬಂದವರು ಯೇಸುವನ್ನು ಹಿಂಬಾಲಿಸಿದರೆಂಬುದರಲ್ಲಿ ಮಾತ್ರ ಮೂವರಿಗೂ ಒಮ್ಮತವಿದೆ. ಉತ್ತರದ ಗಲಿಲಾಯ ಪ್ರಾಂತದ ಯಾತ್ರಿಕರು ಯೆಹೂದ್ಯರ ಪಸ್ಕಹಬ್ಬಕ್ಕೆ ಹತ್ತುತ್ತಿದ್ದ ಆ ದಾರಿ ಜೆರುಸಲೇಮ್ ಮುಟ್ಟುವಷ್ಟರಲ್ಲಿ ಸುಮಾರು ಸಾವಿರ ಮೀಟರ್ ಏರುತ್ತದೆ. ಹೀಗೆ ಏರಿ ಹೋದವನು ಶಿಷ್ಯರ ನಡುವೆಯೇ ಉಳಿದಿರಬೇಕು, ಆದ್ದರಿಂದಲೇ ಮೊದಲು ಬರೆದ ಮಾರ್ಕನಿಗೆ ಅವನ ಹೆಸರೂ ಅವನ ತಂದೆಯ ಹೆಸರೂ ಗೊತ್ತಿದ್ದವು ಎಂದು ನಾನು ನಂಬುತ್ತೇನೆ.