ಹಲಸಿನ ಮರದ ಚೆನ್ನೆಮಣೆ: ಕೆತ್ತನೆ ಬಳಗದ ಈ ಮಳೆಗಾಲದ ಕೆಲಸ

ಏಪ್ರಿಲ್: ವಿಷಯ ಮತ್ತು ನಿಯಮ

ಉಡುಪಿಯ ನಮ್ಮ ಮರಗೆತ್ತನೆ ಬಳಗದ ಈ ವರ್ಷದ ಆಟಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಸ್ಪರ್ಧೆಗೆ ಚೆನ್ನೆಮಣೆ ಎಂದು ತೀರ್ಮಾನವಾಯಿತು. ಹೋದ ವರ್ಷ ಗಣಪತಿ. ಅದರ ಹಿಂದಿನ ವರ್ಷವೂ ಗಣಪತಿ. ಈ ಸಲ ಬಳಸುವ ವಸ್ತುವೇ ಆಗಲಿ ಎಂದು ಹಠ ಹಿಡಿದವರಲ್ಲಿ ನಾನೂ ಒಬ್ಬಳು. ಗೋಡೆಗೆ ತೂಗು ಹಾಕುವುದನ್ನು ಕೆತ್ತಿದರೆ ಕಣ್ಣಿಗೆ ಒಪ್ಪಿದರೆ ಮುಗಿಯಿತು. ಕೈಯಲ್ಲಿ ಹಿಡಿಯುವುದನ್ನು ಕೆತ್ತಿದರೆ ಕೈಗೂ ಒಪ್ಪಬೇಕು. ಕೆತ್ತನೆ ಕಲಿಯುವವರಿಗೆ ಎರಡನೆಯದೇ ಒಳ್ಳೆಯ ಪಾಠ ಅಂತ ನನ್ನ ನಂಬಿಕೆ.

ಕರಾವಳಿಯ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಘಟ್ಟದ ಮೇಲೆ ಅಳಗುಳಿ ಮಣೆ ಅಂತಾರಲ್ಲ, ಇದು ಅದೇ ಜಾತಿಯ ಆಟ. ಎರಡು ಸಾಲು, ಸಾಲಿಗೆ 7 ಗುಳಿ. ಗುಳಿಗೆ 4ರಂತೆ 56 ಕಾಯಿ. ಕೆಂಪು ಮಂಜೊಟ್ಟಿ ಸಿಕ್ಕಿದರೆ ಚಂದ, ಇಲ್ಲದಿದ್ದರೆ ಹುಣಸೆ ಬೀಜವೂ ಆಗುತ್ತದೆ. ಒಂದು ಗುಳಿಯ ಕಾಯಿಗಳನ್ನು ಪೂರ್ತಿ ಬಾಚಿ ತೆಗೆದು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಆಟಿ ತಿಂಗಳಲ್ಲಿ ಮಳೆ ಬಿಡದೆ ಹೊಯ್ಯುವಾಗ ತುಳುನಾಡಿನ ಮನೆ ಜಗಲಿಯಲ್ಲಿ ಆಡುತ್ತಿದ್ದ ಆಟ ಇದು. ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಎಂಬ ನಂಬಿಕೆ ಈಗಲೂ ಉಂಟು. ಸಿರಿ ಪಾಡ್ದನ ಎಂಬ ತುಳು ಹಾಡುಗತೆಯಲ್ಲಿ ಅಬ್ಬಗ ದಾರಗ ಎಂಬ ಅವಳಿಗಳು ಚೆನ್ನೆ ಆಡುತ್ತಾ ಜಗಳವಾಡುತ್ತಾರೆ. ಮಣೆಯ ಏಟಿಗೆ ಒಬ್ಬಳು ಸಾಯುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಆ ಕಥೆ ಕೇಳಿ ಬೆಳೆದವರಿಗೆ ಚೆನ್ನೆಮಣೆ ಬರೀ ಆಟದ ಸಾಮಾನು ಅಲ್ಲ.

ನಿಯಮ ಸರಳ. ಮರ ಹಲಸೇ ಆಗಬೇಕು. ಗುಳಿ ತೆಗೆಯಲು ಮಿಷನ್ ಬೇಡ. ಆಳದ ಗುರುತಿಗೆ ಗುಳಿಗೊಂದು ತೂತು ಡ್ರಿಲ್ ಮಾಡಬಹುದು, ಉಳಿದದ್ದೆಲ್ಲ ಉಳಿ ಮತ್ತು ಕೊಡತಿಯ ಕೆಲಸ. ಹೊಸಬರಿಗೆ ಬೇರೆ ವಿಭಾಗ. ಮಕ್ಕಳಿಗೆ ಸೋಪಿನ ಕೆತ್ತನೆ. ತೀರ್ಪು ಕೊಡುವವರು ಯಾರು ಎಂಬುದನ್ನು ಮಾತ್ರ ನಮಗೆ ಕಲಿಸುವ ಆಚಾರ್ಯರು ಹೇಳಲೇ ಇಲ್ಲ. "ಅದು ಆ ದಿನ ಗೊತ್ತಾಗ್ತದೆ, ನೀವು ಗುಳಿ ಸರಿ ಮಾಡಿ" ಎಂದಷ್ಟೇ ಹೇಳಿದರು.

ಮೇ: ಮರ

ಸಂತೆಕಟ್ಟೆ ಕಡೆ ಒಂದು ಮನೆಯ ಹಿತ್ತಲಲ್ಲಿ ಗಾಳಿಮಳೆಗೆ ಬಿದ್ದಿದ್ದ ಹಲಸಿನ ಮರವನ್ನು ಬಳಗದವರು ಹಿಂದೆಯೇ ಕೊಂಡು, ಮಿಲ್ಲಿನಲ್ಲಿ ಹಲಗೆ ಮಾಡಿಸಿ ಇಟ್ಟಿದ್ದರು. ಹಲಗೆಗಳ ನಡುವೆ ರೀಪಿನ ತುಂಡು ಕೊಟ್ಟು, ಮಳೆ ತಾಗದ, ಗಾಳಿ ಆಡುವ ಕಡೆ ಪೇರಿಸಿದ್ದರು. ಎರಡೂ ತುದಿಗೆ ಮೇಣ ಬಳಿದಿದ್ದರು. ಮರದ ನೀರು ತುದಿಯಿಂದಲೇ ಬೇಗ ಹೋಗುವುದು. ತುದಿ ಮೊದಲು ಒಣಗಿ ಕುಗ್ಗಿ, ನಡುಭಾಗ ಇನ್ನೂ ಒದ್ದೆಯಾಗಿಯೇ ಉಳಿದರೆ ಅಲ್ಲಿ ಸೀಳು ಬೀಳುತ್ತದೆ. ಮೇಣ ಬಳಿದರೆ ಇಡೀ ಹಲಗೆ ನಿಧಾನಕ್ಕೆ ಒಂದೇ ಸಮ ಒಣಗುತ್ತದೆ.

ನನಗೆ ಸಿಕ್ಕ ತುಂಡು 22 ಇಂಚು ಉದ್ದ, 7 ಇಂಚು ಅಗಲ, 2 ಇಂಚು ದಪ್ಪ. ಒಂದು ಅಂಚಿನಲ್ಲಿ ಹೊರಗಿನ ಬಿಳಿ ಭಾಗ ಸ್ವಲ್ಪ ಇತ್ತು, ಅದನ್ನು ಕೊಯ್ದು ತೆಗೆಸಿದೆ. ಕುಟ್ಟೆ ಹುಳ ಮೊದಲು ಹಿಡಿಯುವುದು ಆ ಬಿಳಿಗೇ. ಒಳಗಿನ ಹಳದಿ ತಿರುಳನ್ನು ಗೆದ್ದಲೂ ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಯಕ್ಷಗಾನದ ಮದ್ದಳೆಗೂ, ವೀಣೆಗೂ ಹಲಸನ್ನೇ ಹುಡುಕುತ್ತಾರೆ ಎಂದ ಮೇಲೆ ಈ ಮರದ ಗುಣ ಬೇರೆ ಹೇಳಬೇಕಾಗಿಲ್ಲ. ಹೊಸದಾಗಿ ಕೊಯ್ದ ಮುಖ ಅರಿಸಿನದ ಹಾಗೆ ಹಳದಿ. ಬೆಳಕು ತಾಗುತ್ತಾ ತಾಗುತ್ತಾ ಕಂದು ಆಗುತ್ತದೆ. ಅದಕ್ಕೆ ಬಣ್ಣ ಹಚ್ಚುವ ಯೋಚನೆ ಯಾರೂ ಮಾಡಬೇಡಿ ಎಂದು ಹೊಸಬರಿಗೆ ಹೇಳಿದ್ದೇವೆ.

ಮೇ ಕೊನೆ: ಮೂಡುಬಿದಿರೆ

ಮಳೆ ಹಿಡಿಯುವ ಮೊದಲು ಬಳಗದ ಪ್ರವಾಸ. 1430ರ ಸಾವಿರ ಕಂಬದ ಬಸದಿ ನೋಡಿದೆವು. ಆದರೆ ನಮ್ಮ ಲೆಕ್ಕದಲ್ಲಿ ಹೋದದ್ದು ಚೌಟ ಅರಸರ ಅರಮನೆಯ ಮರದ ಕಂಬಗಳಿಗೆ. ಒಂದು ಕಡೆ ನವನಾರಿ ಕುಂಜರ: ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಇನ್ನೊಂದು ಕಡೆ ಪಂಚನಾರಿ ತುರಗ: ಐವರು ಸೇರಿ ಕುದುರೆ. ಚಿತ್ರದಲ್ಲಿ ನೋಡುವಾಗ ಚಮತ್ಕಾರ ಅಷ್ಟೇ ಅನಿಸುತ್ತದೆ. ಹತ್ತಿರ ನಿಂತರೆ ಬೇರೆಯೇ. ದೂರದಿಂದ ಆನೆ ಕಾಣಬೇಕು, ಹತ್ತಿರದಿಂದ ಹೆಂಗಸರು ಕಾಣಬೇಕು. ಒಂದು ಮೈ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕೆತ್ತಿದವರು ಬರೀ ಆಳದಲ್ಲಿ ತೋರಿಸಿದ್ದಾರೆ. ಗೆರೆ ಎಳೆದು ಅಲ್ಲ. ಒಂದು ಮೈಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿದ್ದಾರೆ, ಅಲ್ಲಿ ನೆರಳು ಬೀಳುತ್ತದೆ, ಅಷ್ಟರಲ್ಲೇ ಕೆಲಸ ಆಗಿದೆ.

ನಮ್ಮ ಬಳಗದ ಹುಡುಗರು ಫೋಟೋ ತೆಗೆದ ಮೇಲೆ ಆಚಾರ್ಯರು ಟಾರ್ಚ್ ಹಿಡಿದರು. ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಬಿಟ್ಟರು. ಕೆತ್ತನೆಯ ಆಳ ಕೂಡಲೇ ಎದ್ದು ಬಂತು. ಕೆತ್ತುವಾಗಲೂ ಹೀಗೇ, ದೀಪ ಪಕ್ಕದಲ್ಲಿ ಇರಬೇಕು ಎಂದರು. ಮನೆಗೆ ಬಂದು ನನ್ನ ಮೇಜಿನ ಟ್ಯೂಬ್‌ಲೈಟ್ ಆರಿಸಿ, ಎಡಗಡೆ ಒಂದು ಟೇಬಲ್ ಲ್ಯಾಂಪ್ ಇಟ್ಟೆ. ಗುಳಿಯ ಒಳಗಿನ ಏರುತಗ್ಗು ಕಾಣಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಜೂನ್: ಗುಳಿ

ಮೊದಲು ಲೆಕ್ಕ. ಗುಳಿಯ ಬಾಯಿ ಎರಡೂಕಾಲು ಇಂಚು, ಗುಳಿಗಳ ನಡುವೆ ಅರ್ಧ ಇಂಚು, ಆಳ ಒಂದೂಕಾಲು ಇಂಚು. ಕೈವಾರದಲ್ಲಿ 14 ವೃತ್ತ ಎಳೆದು, ನಡುವಿಗೆ ಡ್ರಿಲ್ ಹಾಕಿದೆ. ಬಿಟ್‌ಗೆ ಬೇಕಾದ ಆಳದಲ್ಲಿ ಟೇಪು ಸುತ್ತಿದ್ದೆ. ಟೇಪು ಮರಕ್ಕೆ ತಾಗಿದ ಕೂಡಲೇ ನಿಲ್ಲಿಸುವುದು. ಆಮೇಲೆ ಕೆತ್ತುತ್ತಾ ಹೋಗುವಾಗ ಆ ತೂತು ಮಾಯವಾದರೆ ತಳ ಬಂತು ಎಂದು ಅರ್ಥ.

ಬಾಯಿ ಬಾಗಿದ ಉಳಿಯಲ್ಲಿ ಅಂಚಿನಿಂದ ನಡುವಿಗೆ ಇಳಿಯಬೇಕು. ಯಾವಾಗಲೂ ಇಳಿಜಾರಿಗೇ. ನಡುವಿನಿಂದ ಮೇಲಕ್ಕೆ ಬಂದರೆ ಉಳಿ ಮರದ ಎಳೆಯ ಕೆಳಗೆ ನುಗ್ಗಿ ಸಿಬಿರು ಎಬ್ಬಿಸುತ್ತದೆ. ಜಾಸ್ತಿ ಮರ ತೆಗೆಯುವ ಹಂತದಲ್ಲಿ ಎಳೆಗೆ ಅಡ್ಡವಾಗಿ ಹೊಡೆದರೆ ಚಕ್ಕೆ ಸಲೀಸಾಗಿ ಬರುತ್ತದೆ. ಹಲಸಿನಲ್ಲಿ ಇನ್ನೊಂದು ಕಷ್ಟ ಉಂಟು. ಕೆಲವು ತುಂಡುಗಳಲ್ಲಿ ಎಳೆ ಒಂದು ಬೆರಳಗಲ ಈ ಕಡೆಗೆ ಬಾಗಿದ್ದರೆ, ಅದರ ಪಕ್ಕದಲ್ಲೇ ಆ ಕಡೆಗೆ ಬಾಗಿರುತ್ತದೆ. ಒಂದೇ ಗುಳಿಯ ಒಳಗೆ ಎರಡೂ ಸಿಗುತ್ತದೆ. ಅಂಥ ಕಡೆ ಬಲ ಹಾಕಿ ಪ್ರಯೋಜನ ಇಲ್ಲ.

"ಟೀಚರೇ, ಉಳಿಯನ್ನು ದೂಡಬೇಡಿ. ಮಣಿಕಟ್ಟು ತಿರುಗಿಸಿ. ಅದು ಕೊಯ್ಕೊಂಡು ಹೋಗ್ಬೇಕು."

ಆಚಾರ್ಯರು ತೋರಿಸಿದ್ದು ಹೀಗೆ. ಎಡಗೈಯ ಹೆಬ್ಬೆರಳು ಉಳಿಯ ಬಾಯಿಗೆ ಹತ್ತಿರ, ಮರಕ್ಕೆ ತಾಗಿಕೊಂಡು. ಬಲಗೈ ಹಿಡಿಯಲ್ಲಿ. ಮುಂದಕ್ಕೆ ಸಾಗುವುದು ಸ್ವಲ್ಪ, ತಿರುಗುವುದು ಜಾಸ್ತಿ. ಹಾಗೆ ತೆಗೆದ ಚಕ್ಕೆ ಕಾಗದದಷ್ಟು ತೆಳ್ಳಗೆ, ಸುರುಳಿಯಾಗಿ ಬರುತ್ತದೆ. ಅದು ಬಿಟ್ಟುಹೋದ ಜಾಗ ಹೊಳೆಯುತ್ತದೆ, ಅಲ್ಲಿ ಸ್ಯಾಂಡ್ ಪೇಪರ್ ಬೇಕಾಗುವುದೇ ಇಲ್ಲ. ಉಳಿ ಹರಿತ ಇದ್ದರೆ ಮಾತ್ರ ಈ ಮಾತು. ನಾವೆಲ್ಲ ಸಾಣೆಕಲ್ಲಿನ ನಂತರ ಚರ್ಮದ ಪಟ್ಟಿಯಲ್ಲಿ ಉಜ್ಜುತ್ತೇವೆ. ಕೆತ್ತುತ್ತಾ ಇರುವಾಗ ನಡುನಡುವೆ ಪಟ್ಟಿಗೆ ಉಜ್ಜಿಕೊಂಡರೆ ಕಲ್ಲಿಗೆ ಹೋಗುವ ಕೆಲಸ ಕಡಿಮೆ.

ಹೊಸಬರಿಗೆ ಇಲ್ಲಿ ಒಂದು ಎಚ್ಚರಿಕೆ. ಎರಡು ಸಾಲುಗಳ ನಡುವಿನ ಗೋಡೆ ಗಟ್ಟಿ, ಅದರಲ್ಲಿ ಎಳೆ ಉದ್ದಕ್ಕೆ ಓಡುತ್ತದೆ. ಆದರೆ ಒಂದೇ ಸಾಲಿನ ಅಕ್ಕಪಕ್ಕದ ಗುಳಿಗಳ ನಡುವಿನ ಗೋಡೆಯಲ್ಲಿ ಎಳೆಯ ಉದ್ದ ಅರ್ಧ ಇಂಚು ಮಾತ್ರ. ಕೊಡತಿಯ ಒಂದು ಜೋರು ಏಟಿಗೆ ಮೇಲಂಚು ಹಾರಿಹೋಗುತ್ತದೆ. ಆ ಗೋಡೆಯ ಹತ್ತಿರ ಬಂದಾಗ ಕೊಡತಿ ಕೆಳಗಿಟ್ಟು ಬರೀ ಕೈಯಲ್ಲಿ ಮುಗಿಸಬೇಕು.

ಗುಳಿಯ ಆಕಾರಕ್ಕೆ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡೆ. ಅದನ್ನು ಗುಳಿಯೊಳಗೆ ಇಟ್ಟು ಸುತ್ತ ತಿರುಗಿಸಿದರೆ ಎಲ್ಲಿ ಉಬ್ಬು ಉಳಿದಿದೆ ಎಂದು ಗೊತ್ತಾಗುತ್ತದೆ. 14 ಗುಳಿಯೂ ಒಂದೇ ರೀತಿ ಬರಬೇಕಾದರೆ ಇದು ಬೇಕೇ ಬೇಕು, ಕಣ್ಣಳತೆ ಸಾಲದು.

ಜುಲೈ: ಎಣ್ಣೆ ಮತ್ತು ತೇವ

ಈ ಮಳೆಯಲ್ಲಿ ಉಪಕರಣ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ಕೆಲಸ ಮುಗಿದ ಕೂಡಲೇ ಉಳಿ ಒರೆಸಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತೇನೆ.

ಮಣೆಗೆ ಯಾವ ಎಣ್ಣೆ ಎಂಬ ಚರ್ಚೆ ಒಂದು ಇಡೀ ಭಾನುವಾರ ನಡೆಯಿತು. ತೆಂಗಿನೆಣ್ಣೆ ಕೈಗೆ ಸಿಗುತ್ತದೆ, ಆದರೆ ಅದು ಒಣಗುವ ಎಣ್ಣೆ ಅಲ್ಲ. ಮಳೆಗಾಲದಲ್ಲಿ ಮೇಲೆಯೇ ಜಿಡ್ಡಾಗಿ ಕೂತು ಧೂಳು ಹಿಡಿಯುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ದೋಣಿಗೆ ಬಹಳ ಒಳ್ಳೆಯದು. ಆದರೆ ಅದು ಚರ್ಮ ಸುಡುತ್ತದೆ, ಮರವನ್ನೂ ಕಪ್ಪು ಮಾಡುತ್ತದೆ. ಮಕ್ಕಳು ಮುಟ್ಟುವ ಮಣೆಗೆ ಅದು ಬೇಡವೇ ಬೇಡ. ಕೊನೆಗೆ ನಾನು ಅಗಸೆ ಎಣ್ಣೆಗೆ ಹೋದೆ. ಗಾಳಿ ತಾಗಿ ಗಟ್ಟಿಯಾಗುವ ಎಣ್ಣೆ ಅದು. ತೆಳ್ಳಗೆ ಹಚ್ಚಿ, ಉಳಿದದ್ದನ್ನು ಪೂರ್ತಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಇನ್ನೊಂದು ಕೈ. ಕೊನೆಯಲ್ಲಿ ಜೇನುಮೇಣ. ಆಟಿಯ ತೇವದಲ್ಲಿ ಒಣಗಲು ಬಹಳ ನಿಧಾನ, ಅವಸರ ಮಾಡಬಾರದು.

ಇದನ್ನು ಎಲ್ಲರೂ ದಯವಿಟ್ಟು ನೆನಪಿಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿ ಇಡಿ.

ಎಣ್ಣೆಗೆ ಮೊದಲು ಮಾಡಬೇಕಾದ ಒಂದು ಸಣ್ಣ ಕೆಲಸ. ಉಜ್ಜಿ ನಯ ಮಾಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಮಲಗಿದ್ದ ಎಳೆ ಎದ್ದು ನಿಂತು ಮರ ಒರಟಾಗುತ್ತದೆ. ಒಣಗಿದ ಮೇಲೆ ಪುನಃ 240 ನಂಬರ್ ಕಾಗದದಲ್ಲಿ ಹಗುರವಾಗಿ ಉಜ್ಜಿ. ಆಮೇಲೆ ಆಟ ಆಡುವವರ ಬೆವರಿಗೆ ಅದು ಮತ್ತೆ ಅಷ್ಟು ಏಳುವುದಿಲ್ಲ.

ಆಗಸ್ಟ್: ಸ್ಪರ್ಧೆ

ತೀರ್ಪು ಕೊಡಲು ಬಂದವರು ಬ್ರಹ್ಮಾವರ ಕಡೆಯ ಮೂವರು ಹಿರಿಯ ಹೆಂಗಸರು. ಮೂವರೂ ಸಣ್ಣಂದಿನಿಂದ ಚೆನ್ನೆ ಆಡಿದವರು. ಉಳಿ ಹಿಡಿದವರು ಒಬ್ಬರೂ ಇಲ್ಲ. ಅಂಕದ ಹಾಳೆ ಕೊಟ್ಟರೆ ಪಕ್ಕಕ್ಕಿಟ್ಟು, ಚಾಪೆ ಹಾಸಿಸಿ, ಮಂಜೊಟ್ಟಿಯ ಪೊಟ್ಟಣ ಬಿಚ್ಚಿದರು. ಪ್ರತಿ ಮಣೆಯಲ್ಲೂ ಆಡಿದರು.

ಎಲ್ಲರ ಕಣ್ಣು ಒಂದು ಮಣೆಯ ಮೇಲಿತ್ತು. ಸುತ್ತ ಬಳ್ಳಿ, ಎರಡು ತುದಿಯಲ್ಲೂ ಅರಳಿದ ತಾವರೆ. ನಿಜಕ್ಕೂ ಒಳ್ಳೆಯ ಕೆಲಸ. ಅದರಲ್ಲಿ ಆಡುತ್ತಾ ಆಡುತ್ತಾ ಮೂವರಲ್ಲಿ ದೊಡ್ಡವರು ಕೈ ನಿಲ್ಲಿಸಿದರು.

"ಹೂ ಚಂದ ಉಂಟು ಮಗಾ. ಆದ್ರೆ ಕಾಯಿ ಕೈಗೆ ಬರುದಿಲ್ಲ."

ನಾವು ಬಗ್ಗಿ ನೋಡಿದೆವು. ಆ ಗುಳಿಗಳ ಗೋಡೆ ನೇರ, ತಳ ಚಪ್ಪಟೆ. ಕೊನೆಯ ಕಾಯಿ ಮೂಲೆಯಲ್ಲಿ ಕೂತುಬಿಡುತ್ತದೆ, ಬೆರಳು ಬಗ್ಗಿಸಿ ಕೀಳಬೇಕು. ಚೆನ್ನೆ ಆಡುವವರು ಗುಳಿ ನೋಡಿಕೊಂಡು ಕಾಯಿ ತೆಗೆಯುವುದಿಲ್ಲ. ಕಣ್ಣು ಎದುರಿನ ಸಾಲಿನ ಲೆಕ್ಕದಲ್ಲಿರುತ್ತದೆ, ಬೆರಳು ಒಂದೇ ಬಾಚಿಗೆ ನಾಲ್ಕೂ ಎತ್ತಬೇಕು. ತಳ ಬಟ್ಟಲಿನಂತೆ ದುಂಡಗಿದ್ದರೆ ಕಾಯಿಗಳು ತಾವಾಗಿಯೇ ನಡುವಿಗೆ ಜಾರಿ ಬಂದು ಗುಂಪಾಗುತ್ತವೆ. ಗುಳಿಯ ಆಳ ತೀರಾ ಕಡಿಮೆಯಾದರೆ ಇನ್ನೊಂದು ತೊಂದರೆ, ಬಿಟ್ಟ ಕಾಯಿ ಪುಟಿದು ಪಕ್ಕದ ಗುಳಿಗೆ ಹೋಗಿ ಲೆಕ್ಕ ತಪ್ಪುತ್ತದೆ.

ಮೊದಲ ಬಹುಮಾನ ಮಲ್ಪೆಯಲ್ಲಿ ದೋಣಿ ಕೆಲಸ ಮಾಡುವ ಹುಡುಗನ ಮಣೆಗೆ. ಹೊರಗೆ ಒಂದು ಹೂವೂ ಇಲ್ಲ, ಅಂಚು ಸ್ವಲ್ಪ ಉರುಟು ಮಾಡಿದ್ದಾನೆ ಅಷ್ಟೇ. ಆದರೆ ಗುಳಿಯ ಬಾಯಿ ಅಗಲ, ಇಳಿಜಾರು ಮೆತ್ತಗೆ, ಬೆರಳು ಎಲ್ಲೂ ತಡೆಯುವುದಿಲ್ಲ. ಗುಳಿಯ ತಳದಲ್ಲಿ ಮರವನ್ನು ತೆಳ್ಳಗೆ ಬಿಟ್ಟಿದ್ದಾನೆ. ಕಾಯಿ ಬಿದ್ದಾಗ ಟಕ್ ಟಕ್ ಎಂದು ಸ್ಪಷ್ಟವಾಗಿ ಕೇಳುತ್ತದೆ. "ಶಬ್ದದಲ್ಲೇ ಲೆಕ್ಕ ಹಿಡೀಬಹುದು" ಎಂದು ಮೂವರೂ ಅದನ್ನೇ ಹೊಗಳಿದರು. ನನ್ನ ಮಣೆಗೆ ಎರಡನೇ ಜಾಗ ಸಿಕ್ಕಿತು. ಅದರಲ್ಲಿ ಒಂದಾಟ ಮುಗಿಸಿ ಇನ್ನೊಂದು ಆಟ ಹೂಡಿದ್ದು ನನಗೆ ಬಹುಮಾನಕ್ಕಿಂತ ಖುಷಿ ಕೊಟ್ಟಿತು.

ತಕರಾರೂ ಬಂತು. ಕೆತ್ತನೆ ಸ್ಪರ್ಧೆಯಲ್ಲಿ ಕೆತ್ತನೆಗೇ ಅಂಕ ಇಲ್ಲ ಎಂದರೆ ಹೇಗೆ ಮಾರಾಯ್ರೆ ಎಂದು ಇಬ್ಬರು ಕೇಳಿದರು. ಕೇಳಿದ್ದರಲ್ಲಿ ನ್ಯಾಯ ಉಂಟು. ತಾವರೆ ಕೆತ್ತಿದವರ ಶ್ರಮ ಸಣ್ಣದಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಗುಳಿ ತೆಗೆಯುವುದೂ ಕೆತ್ತನೆಯೇ, ಅದೇ ಕಷ್ಟದ ಕೆತ್ತನೆ. ಅಲಂಕಾರದ ಉಬ್ಬು ಕೆತ್ತನೆಗೆ ಡಿಸೆಂಬರಿನಲ್ಲಿ ಬೇರೆಯೇ ಸ್ಪರ್ಧೆ ಇಡೋಣ, ಅದಕ್ಕೆ ಕೆತ್ತನೆ ಬಲ್ಲವರೇ ತೀರ್ಪು ಕೊಡಲಿ ಎಂದು ನಾನು ಹೇಳಿದೆ. ಹಾಗೆಂದೇ ತೀರ್ಮಾನವಾಯಿತು. ಬಳಕೆಯ ವಸ್ತುವಿಗೆ ಮಾತ್ರ ಬಳಸುವವರೇ ತೀರ್ಪುಗಾರರು ಎಂಬುದು ಇನ್ನು ಮುಂದೆ ಖಾಯಂ.

ಮಕ್ಕಳ ಸೋಪಿನಲ್ಲಿ ಈ ಸಲ ಮೀನು ಜಾಸ್ತಿ, ಕಂಬಳದ ಕೋಣ ಒಂದು. ಕೋಣದ ಕೊಂಬು ಮುರಿಯದೆ ಉಳಿಸಿದ ಹುಡುಗಿಗೆ ಸಣ್ಣದೊಂದು ಉಳಿ ಕೊಟ್ಟಿದ್ದೇವೆ. ಮುಂದಿನ ವರ್ಷ ಅವಳು ಮರಕ್ಕೆ ಬರುತ್ತಾಳೆ.

ಸ್ಪರ್ಧೆಯ ಮಣೆಗಳಲ್ಲಿ ಕೆಲವನ್ನು ಹತ್ತಿರದ ಶಾಲೆಗಳಿಗೆ ಕೊಡುತ್ತಿದ್ದೇವೆ, ಆಡುವುದನ್ನು ಕಲಿಸಲು ಆ ಮೂವರಲ್ಲಿ ಒಬ್ಬರು ಬರಲು ಒಪ್ಪಿದ್ದಾರೆ. ಮಳೆ ಬಿಟ್ಟ ಮೇಲೆ ಕುಂದಾಪುರದ ಹತ್ತಿರದ ಉಪ್ಪಿನಕುದ್ರಿಗೆ ಹೋಗುವುದು ಎಂದಾಗಿದೆ. ಅಲ್ಲಿನ ಯಕ್ಷಗಾನ ಗೊಂಬೆಗಳ ಮುಖದ ಕೆಲಸವನ್ನು ಹತ್ತಿರದಿಂದ ನೋಡಿ, ಬಳಗದಲ್ಲಿ ಒಂದೊಂದು ತಲೆ ಕೆತ್ತುವ ಯೋಚನೆ. ಅದಕ್ಕೆ ಹಲಸು ಭಾರವಾಗುತ್ತದೆ, ನಾನು ಹಗುರವಾದ ಶಿವನಿ ಮರ ಹುಡುಕುತ್ತಿದ್ದೇನೆ. 4 ಇಂಚು ದಪ್ಪದ, ನಡು ಬೆಂಡು ಇಲ್ಲದ ಶಿವನಿ ತುಂಡು ಯಾರ ಹಿತ್ತಲಲ್ಲಾದರೂ ಬಿದ್ದಿದ್ದರೆ ಹೇಳಿ. ನೆರಳಲ್ಲಿ ಒಣಗಿದ್ದಾದರೆ ಬಹಳ ಒಳ್ಳೆಯದು.